ಅಧ್ಯಕ್ಷೆ ಹೆಂಡತಿ, ಡಾಂಗಲ್ ಗಂಡನ ಜೇಬಿನಲ್ಲಿ

ಗದಗಿನವ:
ನಮ್ಮೂರ ಗ್ರಾಮ ಪಂಚಾಯಿತಿಗೆ ಹೆಣ್ಣುಮಗಳು ಅಧ್ಯಕ್ಷೆ. ಎರಡು ವರ್ಷದಲ್ಲಿ ಅವರನ್ನು ಆಫೀಸಿನಲ್ಲಿ ನೋಡಿದ್ದು ಎರಡೇ ಸಲ, ಎರಡೂ ಆಗಸ್ಟ್ 15ಕ್ಕೆ. ಹಣ ಪಾವತಿಗೆ ಪಿಡಿಒ ಜೊತೆ ಅಧ್ಯಕ್ಷರ ಡಾಂಗಲ್ಲೂ (ಡಿಜಿಟಲ್ ಸಹಿ ಹಾಕುವ ಕೀಲಿ) ಬೇಕಲ್ಲ, ಅದು ಗಂಡನ ಅಂಗಿ ಜೇಬಿನಲ್ಲೇ ಇರುತ್ತದೆ. 2010ರಲ್ಲಿ ಪಂಚಾಯಿತಿಗಳಲ್ಲಿ ಹೆಂಗಸರಿಗೆ 50 ಪರ್ಸೆಂಟ್ ಮೀಸಲಾತಿ ಮಾಡಿದರು. ಏನು ಬಂತು, ಹೇಳ್ರಿ?

ರಾಣೆಬೆನ್ನೂರಾಕಿ:
ತಪ್ಪು ಗಂಡನದು, ಬೈಗುಳ ಹೆಂಡತಿಗೆ! ಅಣ್ಣಾ, ಅವನು ಬಂದಾಗ ಕುರ್ಚಿ ಹಾಕಿ ಚಹಾ ತರಿಸಿ 'ಅಧ್ಯಕ್ಷರೇ' ಅನ್ನುವವರು ಯಾರು? ನಿಮ್ಮೂರವರೇ ಅಲ್ವಾ?

ಧಾರವಾಡ ಮಾಸ್ತರ:
ನಮ್ಮ ರಾಜ್ಯ 1983ರ ಪಂಚಾಯಿತಿ ಕಾಯ್ದೆಯಲ್ಲೇ ಹೆಂಗಸರಿಗೆ 25 ಪರ್ಸೆಂಟ್ ಇಟ್ಟಿತ್ತು, ದೇಶಕ್ಕೆಲ್ಲ ಮೂರನೇ ಒಂದು ಪಾಲು ಬಂದದ್ದು 1993ರಲ್ಲಿ. ಮೀಸಲಾತಿ ಇಲ್ಲದ ಕಡೆ ಏನಾಗುತ್ತದೆ ಅಂತ ನೋಡಬೇಕಾ? 2023ರ ವಿಧಾನಸಭೆಗೆ 224ರಲ್ಲಿ ಗೆದ್ದ ಹೆಂಗಸರು 10 ಜನ.

ಗದಗಿನವ:
ಸರೋಜಿನಿ ಮಹಿಷಿ ಮೀಸಲಾತಿ ಇಲ್ಲದೆ ನಿಮ್ಮ ಧಾರವಾಡದಿಂದಲೇ ಲೋಕಸಭೆಗೆ 4 ಸಲ ಗೆದ್ದರಲ್ಲ ಮಾಸ್ತರೇ, 1962ರಿಂದ?

ಧಾರವಾಡ ಮಾಸ್ತರ:
ಗೆದ್ದರು. ಅದಕ್ಕೇ ಇವತ್ತಿಗೂ ಅವರ ಹೆಸರೊಂದೇ ಹೇಳ್ತೀರಿ. ಎರಡನೇ ಹೆಸರು ಹೇಳ್ರಿ ನೋಡೋಣ.

ಮಾಜಿ ಸದಸ್ಯೆ:
ಹಾವೇರಿ ಕಡೆಯವಳು, 5 ವರ್ಷ ಪಂಚಾಯಿತಿ ಸದಸ್ಯೆ ಆಗಿದ್ದೆ. ಮೊದಲ ವರ್ಷ ನಾನೂ ಹಾಗೇ, ಠರಾವು ಪುಸ್ತಕ ಮುಂದೆ ಇಟ್ಟರೆ ಸುಮ್ನೆ ಸಹಿ. ಮೂರನೇ ವರ್ಷ 'ಓದಿ ಹೇಳ್ರಿ, ಆಮೇಲೆ ಸಹಿ' ಅಂದೆ. ಸಭೆಯೆಲ್ಲ ನನ್ನ ಮುಖ ನೋಡಿತು. ಬೀದಿ ದೀಪದ ಬಿಲ್ಲಿನಲ್ಲಿ ನಮ್ಮ ಓಣಿಗೆ 14 ಬಲ್ಬ್ ಅಂತ ಇತ್ತು. ರಾತ್ರಿ ಅತ್ತೆಯನ್ನು ಕರಕೊಂಡು, ಮೊಬೈಲ್ ಬೆಳಕು ಹಿಡಿದು ಕಂಬ ಎಣಿಸಿದೆ, ಇದ್ದದ್ದೇ 9 ಕಂಬ. ಆ ಬಿಲ್ ತಡೆದೆವು. ಕೆಲಸ ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಮೀಸಲಾತಿ ಸರದಿ ಬದಲಾಗಿ ವಾರ್ಡು ಸಾಮಾನ್ಯ ಆಯಿತು. ಸಾಮಾನ್ಯ ಅಂದರೆ ಹೆಂಗಸರೂ ನಿಲ್ಲಬಹುದು, ಆದರೆ ನಮ್ಮೂರಲ್ಲಿ ಅದನ್ನು 'ಗಂಡಸರ ಸೀಟು' ಅಂತಲೇ ಓದ್ತಾರೆ. ಹಿರಿಯರು ಮನೆಗೇ ಬಂದು, 'ಸಾಕು ತಂಗಿ, ಈ ಸಲ ಬಿಟ್ಟುಕೊಡು' ಅಂದರು. ನನ್ನ ಗಂಡನೂ ಅವರ ಜೊತೆಗೇ ಕೂತಿದ್ದರು.

ಮಿರ್ಚಿ ಭಜಿ:
ಸಿಟಿಯಲ್ಲೇನು ಬೇರೆ ಇದೆಯಾ? ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ 82 ವಾರ್ಡು, ಅರ್ಧ ಹೆಂಗಸರಿಗೆ. ನಮ್ಮ ಏರಿಯಾ ಗಣಪತಿ ಬ್ಯಾನರಿನಲ್ಲಿ ಸದಸ್ಯೆಯ ಫೋಟೋ ಅಂಚೆ ಚೀಟಿಯಷ್ಟು, ಗಂಡನದು ಗಣಪತಿಗಿಂತ ದೊಡ್ಡದು 😄

ಗದಗಿನವ:
ಅಕ್ಕಾ, ನೀವು ಕಂಬ ಎಣಿಸಿದ್ದು ಖರೇನೇ ದೊಡ್ಡ ಕೆಲಸ. ಆದರೆ ನಿಮ್ಮಂಥವರು ಎಷ್ಟು ಜನ?

ಮಾಜಿ ಸದಸ್ಯೆ:
ಎರಡನೇ ಸಲ ನಿಲ್ಲೋಕೆ ಬಿಟ್ಟಿದ್ದರೆ ಜಾಸ್ತಿ ಇರ್ತಿದ್ದರು ತಮ್ಮಾ.

ರಾಣೆಬೆನ್ನೂರಾಕಿ:
ಗದಗಣ್ಣ, ಮುಂದಿನ ಸಲ ಕೆಲಸ ಇದ್ದಾಗ ಬಾಗಿಲಲ್ಲಿ ನಿಂತು 'ಅಧ್ಯಕ್ಷರಿದ್ದಾರಾ' ಅಂತ ಅವರ ಹೆಸರನ್ನೇ ಹಿಡಿದು ಕೇಳ್ರಿ.

ಗದಗಿನವ:
ಕೇಳಿದರೂ ಗಂಡನೇ ಹೊರಗೆ ಬರ್ತಾನೆ.

ರಾಣೆಬೆನ್ನೂರಾಕಿ:
ಬರಲಿ. 'ನಿಮ್ಮನ್ನಲ್ಲ' ಅನ್ರಿ.