ಅಪ್‌ಡೇಟ್: ಸೀಮಂತದ ದಿನ ನಮ್ಮ ಕರಿಯ ಮನೆಯಲ್ಲೇ ಇದ್ದ

ತಂಗಿಯ ಸೀಮಂತಕ್ಕೆ ಮನೆ ತುಂಬಾ ನೆಂಟರು ಬರ್ತಾರೆ, ನಾಯಿಯನ್ನು ಬೋರ್ಡಿಂಗ್‌ಗೆ ಬಿಡಬೇಕಾ ಅಂತ ಹೋದ ತಿಂಗಳು ಕೇಳಿದ್ದೆ. ಬಿಡಲಿಲ್ಲ. ಎಲ್ಲಾ ಚೆನ್ನಾಗಿ ನಡೆಯಿತು.

ನೀವು ಹೇಳಿದ ಹಾಗೆ ಬೆಳಗ್ಗೆನೇ ದೂರದವರೆಗೆ ವಾಕಿಂಗ್ ಮಾಡಿಸಿದೆ. ಆಮೇಲೆ ಹಿಂದಿನ ರೂಮಿನಲ್ಲಿ ನೀರು, ಅವನ ಚಾಪೆ, ಅದರ ಮೇಲೆ ಅಪ್ಪನ ಹಳೇ ಲುಂಗಿ. ಗೊತ್ತಿರುವ ವಾಸನೆ ಇದ್ದರೆ ನಾಯಿಗೆ ಧೈರ್ಯ, ಅಲ್ವಾ? ಓಲಗ ಶುರುವಾದಾಗ ಬೊಗಳಿದ. ಅಜ್ಜಿ ಹೋಗಿ ಪಕ್ಕದಲ್ಲಿ ಕೂತು ಬೆನ್ನು ಸವರಿದರು, ಸುಮ್ಮನಾದ.

ಊಟದ್ದೇ ನನಗೆ ಜಾಸ್ತಿ ಭಯ ಇತ್ತು. ಪಾಯಸದ ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು. ಈರುಳ್ಳಿಯೂ ವಿಷವೇ, ರಕ್ತಕಣಗಳನ್ನು ಹಾಳು ಮಾಡುತ್ತದೆ. ಅದಕ್ಕೆ ಮಕ್ಕಳಿಗೆ ಮೊದಲೇ ಹೇಳಿದ್ದೆ, ಕರಿಯನಿಗೆ ಯಾರೂ ಏನೂ ಹಾಕಬೇಡಿ ಅಂತ. ಎಂಜಲೆಲೆಗಳನ್ನು ಪಂಕ್ತಿ ಎದ್ದ ತಕ್ಷಣ ಮುಚ್ಚಳ ಇರುವ ಡ್ರಮ್ಮಿಗೆ ಹಾಕಿಸಿದೆವು. ಅವನಿಗೆ ಉಪ್ಪಿಲ್ಲದ ಮೊಸರನ್ನ.

ಸಂಜೆ ಬಾಗಿಲು ತೆಗೆದರೆ ನೇರ ತಂಗಿ ಹತ್ತಿರ ಓಡಿದ. ಕೈ ತುಂಬಾ ಹಸಿರು ಬಳೆ ನೋಡಿ ಮೂಸಿದ್ದೇ ಮೂಸಿದ್ದು!

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿ ಬಾಣಂತನಕ್ಕೂ ಇಲ್ಲೇ ಇರುತ್ತಾಳೆ. ನಾಯಿ ಇರುವ ಮನೆಗೆ ಕೂಸು ಬಂದಾಗ ನೀವೆಲ್ಲ ಹೇಗೆ ಪರಿಚಯ ಮಾಡಿಸಿದಿರಿ, ದಯವಿಟ್ಟು ಹೇಳಿ.