ಸಹಾಯ ಬೇಕು: ಕುಡಿತದ ಬಗ್ಗೆ ರೋಗಿಗಳನ್ನು ಹೇಗೆ ಕೇಳುತ್ತೀರಿ?

ನಮಸ್ಕಾರ ಎಲ್ಲರಿಗೂ. ನಾನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಬಿಪಿ, ಶುಗರ್ ನೋಡಿಸಲು ಬರುವವರಿಗೆ ಆಡಿಟ್-ಸಿ ಅನ್ನುವ, ಕುಡಿತ ಎಷ್ಟಿದೆ ಅಂತ ತಿಳಿಯುವ ಚಿಕ್ಕ ಪ್ರಶ್ನಾವಳಿಯ 3 ಪ್ರಶ್ನೆ ಕೇಳಲು ಶುರು ಮಾಡಿದ್ದೇನೆ. "ಕುಡೀತೀರಾ" ಅಂದರೆ ಸಾಕು, "ಅಯ್ಯೋ ಇಲ್ಲ ಸಿಸ್ಟರ್, ಯಾವಾಗ್ಲೋ ಹಬ್ಬಕ್ಕೆ" ಅನ್ನುತ್ತಾರೆ, ಹಿಂದೆ ನಿಂತ ಹೆಂಡತಿ ಸುಮ್ನೆ ನೆಲ ನೋಡುತ್ತಾರೆ.

"ಎಷ್ಟು ಡ್ರಿಂಕ್" ಅಂದರೆ ನಮ್ಮ ಕಡೆ ಯಾರಿಗೂ ಅರ್ಥವಾಗಲ್ಲ. ಅದಕ್ಕೆ ಪ್ಯಾಕೆಟ್ ಲೆಕ್ಕ ಹಿಡಿದೆ: 30 ಎಂಎಲ್ ವಿಸ್ಕಿ ಒಂದು ಡ್ರಿಂಕ್, 90ರ ಪ್ಯಾಕೆಟ್ ಮೂರು, ಕ್ವಾರ್ಟರ್ (180 ಎಂಎಲ್) ಆರು. "ಬರೀ ಒಂದು ಕ್ವಾರ್ಟರ್" ಅನ್ನುವವರು 3ನೇ ಪ್ರಶ್ನೆಯ ಗಡಿಯನ್ನು (ಒಂದೇ ಸಲಕ್ಕೆ ಆರು ಡ್ರಿಂಕ್ ಅಥವಾ ಹೆಚ್ಚು) ಆಗಲೇ ಮುಟ್ಟಿರುತ್ತಾರೆ!

ಮೊನ್ನೆ ಒಬ್ಬರಿಗೆ ಬಿಪಿ 160/100. ರಿಜಿಸ್ಟರಿಗೆ ಸಹಿ ಹಾಕುವಾಗ ಪೆನ್ನು ನಡುಗುತ್ತಿತ್ತು, ಬೆಳಗ್ಗೆ ಹಾಕಿಲ್ಲ ಅದಕ್ಕೇ ಅಂತ ಆಮೇಲೆ ಅವರೇ ಮೆಲ್ಲಗೆ ಒಪ್ಪಿಕೊಂಡರು. ಇಂಥವರಿಗೆ "ಇವತ್ತೇ ಬಿಟ್ಟುಬಿಡಿ" ಅನ್ನಲು ಭಯ, ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು ಅಲ್ವಾ. ಡಾಕ್ಟರ ಹತ್ತಿರ ಕಳಿಸಿದೆ.

ನೀವು ಮೊದಲ ಮಾತು ಹೇಗೆ ತೆಗೆಯುತ್ತೀರಿ? ಮನೆಯವರನ್ನು ಹೊರಗೆ ಕಳಿಸುತ್ತೀರಾ? ಹೆಂಗಸರನ್ನು ಕೇಳುವುದಂತೂ ನನಗೆ ಇನ್ನೂ ಬಾಯಿಗೇ ಬರುತ್ತಿಲ್ಲ. ನೀವು ಬಳಸುವ ಮಾತು ಹಾಗೇ ಕಾಮೆಂಟಿನಲ್ಲಿ ಬರೆಯಿರಿ, ಪ್ಲೀಸ್.