ಬೇರೆ ಬೇರೆ ಊರಲ್ಲಿ ಕೂತು ಒಂದೇ ನಾಟಕ ರೆಕಾರ್ಡ್ ಮಾಡಿದವರು ಯಾರಾದರೂ ಇದ್ದೀರಾ?

ಕೇಳಿದವರು, ಮೈಸೂರು

ನಾವು ಒಂಬತ್ತು ಜನ ಇದ್ದೇವೆ. ನಾಲ್ವರು ಮೈಸೂರಲ್ಲಿ, ಇಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಮಂಗಳೂರು, ಒಬ್ಬರು ಮೆಲ್ಬರ್ನ್, ಇನ್ನೊಬ್ಬರು ನ್ಯೂಜೆರ್ಸಿ. ಯಾರಿಗೂ ಇದು ಕೆಲಸವಲ್ಲ, ಸುಮ್ನೆ ಆಸೆ. ಕೈಲಾಸಂ ಅವರ 'ಬಂಡ್ವಾಳಿಲ್ಲದ ಬಡಾಯಿ'ಯನ್ನು ಕೇಳುವ ನಾಟಕ ಮಾಡಿ, ಯಾರು ಬೇಕಾದರೂ ಪುಕ್ಕಟೆ ಕೇಳುವ ಹಾಗೆ ಇಡಬೇಕು ಅಂತ ಹೊರಟೆವು. ಎಲ್ಲರೂ ತಂತಮ್ಮ ಮಾತು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿದರು. ನಾನು ಜೋಡಿಸಿದೆ. ಒಬ್ಬೊಬ್ಬರದೇ ಕೇಳಿದರೆ ಚೆನ್ನಾಗಿದೆ. ಒಟ್ಟಿಗೆ ಕೇಳಿದರೆ ಒಂಬತ್ತು ಜನ ಒಂಬತ್ತು ಗೋಡೆಗಳ ಜೊತೆ ಮಾತಾಡಿದ ಹಾಗಿದೆ. ಒಬ್ಬರು ರೇಗಿದರೆ ಇನ್ನೊಬ್ಬರು ಹವಾ ವರದಿ ಓದಿದ ಹಾಗೆ ಉತ್ತರ ಕೊಡುತ್ತಾರೆ. ಎಲ್ಲಿ ತಪ್ಪಿದೆವು?

ಬೆಂಗಳೂರು, ಎರಡು ನಾಟಕ ಎಡಿಟ್ ಮಾಡಿದವಳು

ನಮ್ಮ ಮೊದಲ ನಾಟಕವೂ ಹೀಗೇ ಆಗಿತ್ತು. ತಪ್ಪು ನಟರದ್ದಲ್ಲ ಸರ್. ಎದುರಿನವರು ಹೇಗೆ ಕೇಳಿದರು ಅಂತ ಗೊತ್ತಿಲ್ಲದೆ ಉತ್ತರ ಹೇಳಿ ಅಂದರೆ ಯಾರು ತಾನೇ ಏನು ಮಾಡುತ್ತಾರೆ?

ಸಿನಿಮಾ ಹಾಡಿಗೆ ಮೊದಲು ಟ್ರ್ಯಾಕ್, ಅಂದರೆ ಕೇಳಿಕೊಂಡು ಹಾಡಲು ಒಂದು ಮಾದರಿ, ಹಾಡಿಸುತ್ತಾರಲ್ಲ, ನಾವು ಎರಡನೇ ಸಲ ಅದನ್ನೇ ಮಾಡಿದೆವು. ಒಂದು ದಿನ ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಸೇರಿ ಪೂರ್ತಿ ನಾಟಕವನ್ನು ಒಂದೇ ಬೀಸಿಗೆ ಓದಿದೆವು. ತಪ್ಪಿದರೂ ನಿಲ್ಲಿಸಲಿಲ್ಲ. ನೆಟ್ ಕೈಕೊಟ್ಟಿತು, ಯಾರದೋ ಮನೆ ಕುಕ್ಕರ್ ಕೂಗಿತು, ಪರವಾಗಿಲ್ಲ. ಆ ರೆಕಾರ್ಡಿಂಗು ಯಾರಿಗೂ ಕೇಳಿಸುವುದಕ್ಕಲ್ಲ, ಅದು ಟ್ರ್ಯಾಕ್. ಆಮೇಲೆ ಒಬ್ಬೊಬ್ಬರೂ ಒಂದು ಕಿವಿಗೆ ಇಯರ್‌ಫೋನ್ ಹಾಕಿ, ಅದನ್ನು ಕೇಳುತ್ತಾ ತಮ್ಮ ಮಾತನ್ನು ಇನ್ನೊಂದು ಫೋನಿನಲ್ಲಿ ಶುದ್ಧವಾಗಿ ರೆಕಾರ್ಡ್ ಮಾಡಿದರು. ಅಷ್ಟಕ್ಕೇ ಅರ್ಧ ಸಮಸ್ಯೆ ಹೋಯಿತು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ನಾಟಕದಲ್ಲಿ ಅತ್ತೆ 'ಹೂಂ' ಅನ್ನುವ ಜಾಗ ಒಂದಿತ್ತು. ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಮೊದಲ ಸಲ ಆ ಅಮ್ಮ ನಾಲ್ಕು ಥರ 'ಹೂಂ' ಕಳಿಸಿದ್ದರು, ಒಂದೂ ಕೂರಲಿಲ್ಲ. ಕಾಲ್‌ನಲ್ಲಿ ಸೊಸೆಯ ಮಾತು ಇನ್ನೂ ಮುಗಿದಿರಲಿಲ್ಲ, ಕೊನೆಯ ಪದದ ಮೇಲೇ ಇವರ 'ಹೂಂ' ಬಿತ್ತು. ಎಲ್ಲರೂ ನಕ್ಕುಬಿಟ್ಟೆವು. ಕೊನೆಗೆ ಫೈನಲ್‌ನಲ್ಲೂ ಕಾಲ್‌ನ ಆ ಕೊರಕಲು 'ಹೂಂ' ಅನ್ನೇ ಹಾಕಿದೆ. ಶಬ್ದ ಸ್ವಲ್ಪ ಕೆಟ್ಟಿದೆ. ಇವತ್ತಿಗೂ ಒಬ್ಬರೂ ಕಂಡುಹಿಡಿದಿಲ್ಲ.

ಎರಡು ಎಚ್ಚರಿಕೆ. ಕಾಲ್ ಆ್ಯಪ್‌ಗಳು ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರ ದನಿಯನ್ನು ತಾವೇ ಅಮುಕಿಬಿಡುತ್ತವೆ. ಜೂಮ್‌ನಲ್ಲಾದರೆ 'ಒರಿಜಿನಲ್ ಸೌಂಡ್' ಆನ್ ಮಾಡಿಕೊಳ್ಳಿ. ಇನ್ನೊಂದು, ಫೈನಲ್ ರೆಕಾರ್ಡಿಂಗನ್ನು ದಯವಿಟ್ಟು ವಾಟ್ಸಾಪ್ ವಾಯ್ಸ್ ನೋಟ್ ಆಗಿ ಕಳಿಸಬೇಡಿ ಅನ್ನಿ. ಅದು ದನಿಯನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಅದೇ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಫೈಲ್ ಹಾಗೇ ಬರುತ್ತದೆ.

ಮಂಗಳೂರು

ರೂಮಿನ ವಿಷಯ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೇ! ಇಂಟರ್ನೆಟ್ ತುಂಬಾ 'ಬಟ್ಟೆ ಬೀರುವಿನೊಳಗೆ ಕೂತು ರೆಕಾರ್ಡ್ ಮಾಡಿ' ಅಂತ ಬರೆದಿದೆ. ಅದು ಬಟ್ಟೆ ನೇತುಹಾಕುವ ಮರದ ಕೋಣೆಯಂಥ ಕಪಾಟು ಇರುವ ದೇಶದ ಮಾತು. ನಮ್ಮದು ಕಬ್ಬಿಣದ ಬೀರು. ನಾನು ಬಾಗಿಲು ತೆರೆದು ತಲೆ ಒಳಗಿಟ್ಟು ಒಂದು ಪುಟ ಓದಿದೆ. ಕೊಡಪಾನದೊಳಗೆ ಮಾತಾಡಿದ ಹಾಗೆ ಕೇಳಿಸಿತು. ಆಮೇಲೆ ಮಂಚದ ಮೇಲೆ ಹಾಸಿಗೆ ಮಡಚಿ ಗೋಡೆಗೆ ಆನಿಸಿ, ಅದರತ್ತ ಮುಖ ಮಾಡಿ, ಬೆನ್ನ ಹಿಂದೆ ಕಂಬಳಿ ಇಳಿಬಿಟ್ಟೆ. ಸಾಕು. ಫೋನ್ ಬಾಯಿಗೆ ನೇರ ಬೇಡ, ಗೇಣು ದೂರ, ಸ್ವಲ್ಪ ಓರೆ. ಇಲ್ಲದಿದ್ದರೆ ಪ, ಭ, ಫ ಬಂದಾಗಲೆಲ್ಲ ಮೈಕಿಗೆ ಗಾಳಿ ಹೊಡೆಯುತ್ತದೆ. ಹಾಂ, ಮಾತು ಶುರು ಮಾಡುವ ಮೊದಲು ಐದು ಸೆಕೆಂಡು ಸುಮ್ಮನೆ ಕೂತು ರೂಮಿನ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಆಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಗುಂಯ್‌ಗುಡುವ ಸದ್ದು ತೆಗೆಯುವುದಕ್ಕೆ ಆ ಐದು ಸೆಕೆಂಡೇ ಮಾದರಿ. ಆದರೆ ಜಾಸ್ತಿ ಉಜ್ಜಬೇಡಿ, ದನಿ ನೀರೊಳಗಿಂದ ಬಂದ ಹಾಗಾಗುತ್ತದೆ.

ಲಂಡನ್, ಲಿಬ್ರಿವಾಕ್ಸ್‌ಗೆ ಓದುವವನು

ನಿಮ್ಮದು ಹೊಸ ಸಾಹಸವೇನಲ್ಲ. ಲಿಬ್ರಿವಾಕ್ಸ್ ಅಂತ ಸ್ವಯಂಸೇವಕರ ಕೂಟವೊಂದಿದೆ. 2005ರಲ್ಲಿ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗ್ವಾಯರ್ ಶುರು ಮಾಡಿದ್ದು. ಕಾಪಿರೈಟ್ ಮುಗಿದ ಪುಸ್ತಕಗಳನ್ನು ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ಓದಿ ಕಳಿಸಬಹುದು. ನಾಟಕಗಳನ್ನೂ ಮಾಡುತ್ತಾರೆ. ಒಂದೊಂದು ಪಾತ್ರಕ್ಕೆ ಒಬ್ಬರು, ರಂಗಸೂಚನೆ ಓದಲು ಬೇರೆಯವರು, ಎಲ್ಲ ಜೋಡಿಸುವುದಕ್ಕೆ ಒಬ್ಬ ಎಡಿಟರ್. ಅಲ್ಲಿ ಟ್ರ್ಯಾಕ್ ಎಲ್ಲ ಇರಲಿಲ್ಲ, ನಾನು ಓದಿದ್ದೆಲ್ಲ ಗೋಡೆಗೇ. ಹಾಗಾಗಿ ಮೇಲಿನ ಮೇಡಂ ಹೇಳಿದ್ದು ನನಗೂ ಹೊಸದು.

ಅಲ್ಲಿಂದ ಕಲಿಯಬೇಕಾದದ್ದು ಶಿಸ್ತು. ಹೊಸಬರು ಮೊದಲು ಒಂದು ನಿಮಿಷದ ಪರೀಕ್ಷೆ ಕಳಿಸಬೇಕು. ಎಲ್ಲ ಫೈಲೂ ಒಂದೇ ಅಳತೆ: ಎಂಪಿ3, 128 ಕೆಬಿಪಿಎಸ್, 44.1 ಕಿಲೋಹರ್ಟ್ಸ್, ಮೋನೋ. ಮುಗಿದ ಮೇಲೆ ಒಬ್ಬರು ಪುಸ್ತಕ ಎದುರಿಗಿಟ್ಟುಕೊಂಡು ಪೂರ್ತಿ ಕೇಳಿ ಬಿಟ್ಟುಹೋದ ಸಾಲು ಹೇಳುತ್ತಾರೆ. ಈ ಕೆಲಸ ಎಡಿಟರ್ ಮಾಡಬಾರದು. ನೂರು ಸಲ ಕೇಳಿದ ಕಿವಿಗೆ ಇಲ್ಲದ ಸಾಲೂ ಕೇಳಿಸುತ್ತದೆ.

ಪಾತ್ರ ಹಂಚುವಾಗ ಒಂದು ಮಾತು. ಉತ್ಸಾಹ ನೋಡಿ ದೊಡ್ಡ ಪಾತ್ರ ಕೊಡಬೇಡಿ. ಚಿಕ್ಕ ಪಾತ್ರ ಮುಗಿಸಿಕೊಟ್ಟವರಿಗೆ ಕೊಡಿ. ನಮ್ಮದೊಂದು ನಾಟಕದಲ್ಲಿ ನಾಯಕ ಎರಡು ಅಂಕ ಓದಿ ಮಾಯವಾದ. ಮೂರನೆಯ ಅಂಕಕ್ಕೆ ಬೇರೆ ದನಿ ಹಾಕುವ ಹಾಗಿಲ್ಲವಲ್ಲ, ಇನ್ನೊಬ್ಬರು ಮೊದಲಿಂದ ಓದಬೇಕಾಯಿತು.

ಬೆಂಗಳೂರು, ವಕೀಲ

ಕಾಪಿರೈಟ್ ನೋಡಿದಿರಾ? ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ, ಅಂದರೆ 2007ರ ಜನವರಿ 1ರಿಂದ ಇಲ್ಲಿ ಅಡ್ಡಿಯಿಲ್ಲ. 1939ರಲ್ಲಿ ತೀರಿಕೊಂಡ ನಾಟಕಕಾರ ಸಂಸರದ್ದೂ ಅಷ್ಟೇ. ಮುಂದಿನದು ಶ್ರೀರಂಗರದ್ದು ಮಾಡೋಣ ಅಂತ ಹೊರಟರೆ ಮಾತ್ರ ಅನುಮತಿ ಬೇಕು, ಅವರು ಹೋಗಿದ್ದು 1984ರಲ್ಲಿ. ನಿಮ್ಮ ಪ್ರತಿಯಲ್ಲಿ ಯಾರಾದರೂ ಈಚೆಗೆ ಬರೆದ ಮುನ್ನುಡಿ, ಟಿಪ್ಪಣಿ ಇದ್ದರೆ ಅದನ್ನು ಓದಬೇಡಿ, ಅದರ ಹಕ್ಕು ಬೇರೆ. ಅಮೆರಿಕದ ಲೆಕ್ಕವೂ ಬೇರೆ. ಅಲ್ಲಿ ಹಳೆಯ ಕೃತಿಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ ಎಣಿಸುತ್ತಾರೆ. ಲಿಬ್ರಿವಾಕ್ಸ್ ನಡೆಯುವುದು ಆ ಲೆಕ್ಕದಲ್ಲೇ. ಹಾಗಾಗಿ ಮೊದಲ ಮುದ್ರಣದ ವರ್ಷ ನೋಡಿಕೊಂಡು ಎಲ್ಲಿ ಇಡುವುದು ಅಂತ ತೀರ್ಮಾನಿಸಿ.

ದನಿ ಕೊಟ್ಟವರಿಗೂ ಹಕ್ಕಿದೆ, 50 ವರ್ಷದ್ದು. 'ನನ್ನ ದನಿಯನ್ನು ಹೀಗೆ ಪುಕ್ಕಟೆ ಹಂಚಬಹುದು' ಅಂತ ಒಂಬತ್ತೂ ಜನರಿಂದ ಒಂದೊಂದು ಮೇಲ್ ಹಾಕಿಸಿಕೊಳ್ಳಿ. ಸ್ನೇಹ ಚೆನ್ನಾಗಿರುವಾಗಲೇ ಹಾಕಿಸಿಕೊಳ್ಳಬೇಕು.

ಧಾರವಾಡ, ರಂಗಭೂಮಿಯವಳು

ಹುಬ್ಬಳ್ಳಿಯವರಿಗೆ ಯಾವ ಪಾತ್ರ ಕೊಟ್ಟಿದ್ದೀರಿ ಸರ್? ಕೈಲಾಸಂ ಭಾಷೆ ನಮ್ಮ ನಾಲಿಗೆಗೆ ಸುಲಭವಲ್ಲರೀ. ಹಳೇ ಮೈಸೂರಿನ ಮನೆಮಾತು, ನಡುನಡುವೆ ಇಂಗ್ಲಿಷು. ಅವರು ನಾಟಕಗಳನ್ನು ಬಾಯಲ್ಲಿ ಹೇಳಿ ಬರೆಸಿದವರು, ಹಾಗಾಗಿ ಅಕ್ಷರಗಳೂ ಮಾತಿನ ಹಿಂದೆ ಓಡಿವೆ. ಹೆಸರುಗಳನ್ನೇ ನೋಡಿ: 'ಬಂಡವಾಳವಿಲ್ಲದ' ಅಲ್ಲ, 'ಬಂಡ್ವಾಳಿಲ್ಲದ'. ಇನ್ನೊಂದು ನಾಟಕ 'ತಾಳಿ ಕಟ್ಟೋಕ್ಕೂಲಿನೇ'. ಅದನ್ನು ಕಣ್ಣಲ್ಲಿ ಓದಿದರೆ ಅರ್ಧ ನಿಮಿಷ ಬೇಕು, ಜೋರಾಗಿ ಹೇಳಿದರೆ ತಕ್ಷಣ ತಿಳಿಯುತ್ತದೆ.

ನಾನು ಮಾಡಿದ್ದು ಇಷ್ಟು. ಮೈಸೂರಿನ ಹಿರಿಯರೊಬ್ಬರಿಗೆ ಫೋನ್ ಮಾಡಿ ನನ್ನ ಪಾತ್ರದ ಮಾತನ್ನೆಲ್ಲ ಅವರ ಬಾಯಲ್ಲಿ ಹೇಳಿಸಿಕೊಂಡೆ. ಅವರಂತೆ ಅನುಕರಣೆ ಮಾಡಲಿಲ್ಲ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಪುಸ್ತಕದಲ್ಲಿ ಗೀಟು ಹಾಕಿಕೊಂಡೆ, ಅಷ್ಟೇ. ಈ ಪಾತ್ರಗಳು ಅಲ್ಪವಿರಾಮಕ್ಕೆ ನಿಲ್ಲುವುದಿಲ್ಲ, ಉಸಿರು ಮುಗಿದಾಗ ನಿಲ್ಲುತ್ತವೆ. ಬಡಾಯಿ ಕೊಚ್ಚುವ ಲಾಯರ್ ಅಹೋಬ್ಲು ನಿಂತು ನಿಂತು ಮಾತಾಡಿದರೆ ಬಡಾಯಿ ಎಲ್ಲಿಂದ ಬರಬೇಕು?

ಶಿವಮೊಗ್ಗ

ನನಗೆ ಕಣ್ಣು ಕಾಣುವುದಿಲ್ಲ. ಇಂಥ ನಾಟಕ ಬಹಳ ಕೇಳುತ್ತೇನೆ, ಆಕಾಶವಾಣಿ ನಾಟಕ ಕೇಳಿ ಬೆಳೆದವನು. ಕೇಳುವವನಾಗಿ ಎರಡು ಮಾತು.

ರಂಗಸೂಚನೆಯನ್ನೆಲ್ಲ ಓದಬೇಡಿ. 'ಕೋಪದಿಂದ' ಅಂತ ಒಬ್ಬರು ಓದಿ, ಆಮೇಲೆ ಇನ್ನೊಬ್ಬರು ಕೋಪ ಮಾಡಿಕೊಂಡರೆ ನಗು ಬರುತ್ತದೆ. ಆದರೆ 'ಒಳಗೆ ಹೋಗುವಳು' ಬಿಟ್ಟರೆ ನನ್ನ ಪಾಲಿಗೆ ಆಕೆ ಇನ್ನೂ ಅಲ್ಲೇ ನಿಂತಿರುತ್ತಾಳೆ. ಎಷ್ಟೋ ನಾಟಕಗಳಲ್ಲಿ ಒಂದು ರೂಮಿನಲ್ಲಿ ಹನ್ನೆರಡು ಜನ ಜಮಾಯಿಸಿಬಿಡುತ್ತಾರೆ. ದೂರ ಹೋಗುವ ಹೆಜ್ಜೆ ಸದ್ದು ಹಾಕಿದರೂ ಸಾಕು.

ಇನ್ನೊಂದು, ದನಿ ಹಂಚಿಕೆ. ಒಂದೇ ವಯಸ್ಸಿನ ಮೂವರು ಗಂಡಸರನ್ನು ಒಂದೇ ದೃಶ್ಯಕ್ಕೆ ಹಾಕಿದರೆ ಯಾರು ಯಾರೋ ಗೊತ್ತಾಗುವುದಿಲ್ಲ. ನೋಡುವವರಿಗೆ ಪಂಚೆ, ಕೋಟು, ಮೀಸೆ ಇರುತ್ತದೆ. ನಮಗೆ ಇರುವುದು ದನಿ ಒಂದೇ ಅಲ್ವಾ? ಪಾತ್ರ ಹಂಚುವಾಗ ಕಣ್ಣು ಮುಚ್ಚಿಕೊಂಡು ಹಂಚಿ.

ಬೆಂಗಳೂರು, ಎಡಿಟ್ ಮಾಡಿದವಳು

ಶಿವಮೊಗ್ಗದವರು ಹೇಳಿದ್ದು ನೂರಕ್ಕೆ ನೂರು ನಿಜ. ಹೆಜ್ಜೆ, ಬಾಗಿಲು, ಚೊಂಬು ಇಡುವ ಸದ್ದು ಎಲ್ಲ ಮನೆಯಲ್ಲೇ ಮಾಡಿಕೊಳ್ಳಿ. ನೆಟ್‌ನಿಂದ ಇಳಿಸಿದ ಸದ್ದಿಗೆ ಒಂದೊಂದಕ್ಕೂ ಒಂದೊಂದು ಷರತ್ತು ಇರುತ್ತದೆ. ಮೊರದ ಮೇಲೆ ಅಕ್ಕಿ ನಿಧಾನ ಸುರಿದರೆ ಒಳ್ಳೇ ಮಳೆ. ನನ್ನ ಮಳೆಗೆ ಅರ್ಧ ಸೇರು ಸೋನಾ ಮಸೂರಿ ಹೋಯಿತು, ಆಮೇಲೆ ಅದನ್ನೇ ತೊಳೆದು ಅನ್ನ ಮಾಡಿದೆ.

ಕೇಳಿದವರು, ಮೈಸೂರು

ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ರಾತ್ರಿ ಹಳೆಯ ಫೈಲುಗಳನ್ನು ಕಣ್ಣು ಮುಚ್ಚಿ ಕೇಳಿದೆ. ಮೊದಲ ದೃಶ್ಯದಲ್ಲೇ ಇಬ್ಬರ ದನಿ ಒಂದೇ ಥರ ಇದೆ, ನನಗೇ ಗೊಂದಲವಾಯಿತು. ಪಾತ್ರ ಅದಲುಬದಲು ಮಾಡಿದ್ದೇವೆ. ಬರುವ ಭಾನುವಾರ ಬೆಳಗ್ಗೆ 7ಕ್ಕೆ ಟ್ರ್ಯಾಕ್ ಓದು. ನ್ಯೂಜೆರ್ಸಿಯಲ್ಲಿ ಆಗ ಶನಿವಾರ ರಾತ್ರಿ 9:30, ಮೆಲ್ಬರ್ನ್‌ನಲ್ಲಿ ಭಾನುವಾರ 11:30. ಒಂದೇ ತೊಂದರೆ. ಹುಬ್ಬಳ್ಳಿಯ ಹಿರಿಯರೊಬ್ಬರು ಫ್ಯಾನ್ ಇಲ್ಲದೆ ಹತ್ತು ನಿಮಿಷ ಕೂರಲಾರೆ ಅನ್ನುತ್ತಿದ್ದಾರೆ.

ಧಾರವಾಡ, ರಂಗಭೂಮಿಯವಳು

ಟ್ರ್ಯಾಕ್ ದಿನ ಫ್ಯಾನ್ ಇರಲಿ ಬಿಡ್ರೀ. ಫೈನಲ್‌ಗೆ ನಮ್ಮ ಮನೆಗೆ ಕಳಿಸಿ. ಹಾಸಿಗೆ, ಕಂಬಳಿ ಎಲ್ಲ ಕಟ್ಟಿಟ್ಟಿರುತ್ತೇನೆ, ಹತ್ತು ನಿಮಿಷಕ್ಕೊಮ್ಮೆ ಹೊರಗೆ ಕರೆದು ಮಜ್ಜಿಗೆ ಕೊಡುತ್ತೇನೆ.